ಹದಿಮೂರನೇ ಮಹಡಿಯ ಮರ

ಹಗ್ಗದಲ್ಲಿ ಇಳಿದ ತೋಟಗಾರ ತಾಜ್ಯೋ, ಗರಗಸದೊಂದಿಗೆ ಬಾಲ್ಕನಿಗೆ ಕಾಲಿಡುವಷ್ಟರಲ್ಲೇ ಎರ್ಸಿಲಿಯಾ ಅಲ್ಲಿನ ಮಣ್ಣಿನ ತೊಟ್ಟಿಯಲ್ಲಿ ಬೆಳೆದಿದ್ದ ಓಕ್ ಮರವನ್ನು ಬಿಗಿದಪ್ಪಿದಳು. ಮಿಲಾನಿನ ಆ ಗೋಪುರದಲ್ಲಿ ಬಾಲ್ಕನಿ ಮನೆಯವರದು, ಮರ ಮಾತ್ರ ಇಡೀ ಕಟ್ಟಡದ್ದು; ಎಲೆ ಚಿವುಟುವುದಕ್ಕೂ ಹಗ್ಗದವರೇ ಬರಬೇಕು.

"ಕೆಳಗಿನ ಮನೆಯವಳು ಕಸ ಬೀಳುತ್ತೆ ಅಂದ್ಳು, ನೀನು ಕಡಿಯೋಕೆ ಬಂದೆ. ನಂಗೊತ್ತಿಲ್ವಾ? ಈ ನೆರಳು ಹೋದ್ರೆ ಒಳಗೆ ಮಲಗಿರೋ ನಮ್ಮೆಜಮಾನ್ರು ಈ ಬೇಸಿಗೆ ದಾಟಲ್ಲ!"

"ಸಿನ್ಯೋರಾ, ಒಣಗಿದ ಕೊಂಬೆ ಬಿಟ್ರೆ ಏನೂ ಮುಟ್ಟಲ್ಲ."

"ಹಲ್ಲು ನೋಡ್ತೀನಿ ಅಂತ ಬಾಯಿ ತೆರೆಸಿ ಕೀಳೋರು ನೀವು!"

ತಾಜ್ಯೋ ನಗಲಿಲ್ಲ. ಕಾಂಡವನ್ನು ಗೋಡೆಗೆ ಬಿಗಿದಿದ್ದ ಉಕ್ಕಿನ ತಂತಿ ಕಳಚಿ ಜೋತಾಡುತ್ತಿತ್ತು. "ಇದನ್ನ ಯಾರು ಬಿಚ್ಚಿದ್ದು?"

"ನಾನೇ. ಮರದ ಕತ್ತು ಹಿಸುಕೋಕೆ ಕಟ್ಟಿದ್ರಲ್ವಾ? ನಾನೇನು ದಡ್ಡಿಯಾ?"

"ಗಾಳಿಗೆ ಬೀಳದೆ ಇರ್ಲಿ ಅಂತ ಕಟ್ಟಿದ್ದು, ಸಿನ್ಯೋರಾ."

ಅವಳು ನಂಬಲಿಲ್ಲ. ಅಷ್ಟರಲ್ಲಿ ಗಾಳಿ ಎದ್ದಿತು. ಬುಡದ ಮಣ್ಣು ಬಿರಿದು, ಮರ ಅವಳ ತೋಳುಗಳ ನಡುವೆಯೇ ಹೊರಕ್ಕೆ ವಾಲಿತು. ಕೆಳಗೆ ಟ್ರಾಮಿಗೆ ಕಾಯುವವರ ಗುಂಪಿತ್ತು. ತಾಜ್ಯೋ ಗರಗಸ ಕೆಳಗಿಟ್ಟು ತಂತಿಗೆ ಕೈಹಾಕಿದ. "ನನ್ನನ್ನ ನಂಬಬೇಡಿ. ಹಿಡಿದದ್ದನ್ನ ಮಾತ್ರ ಬಿಡಬೇಡಿ."

ಎರ್ಸಿಲಿಯಾ ತೊಗಟೆಗೆ ಕೆನ್ನೆಯೊತ್ತಿ ಕಣ್ಣು ಮುಚ್ಚಿದಳು.

"ಬಿಗಿಯಾಗಿ ಕಟ್ಟು ಮಗಾ."