ನಲವತ್ತು ಪ್ರಶ್ನೆಗಳ ಹಾಳೆ

ಮುಕುಂದ ದೊಡ್ಡ ಬಟ್ಟೆ ಕಂಪನಿಯೊಂದರ ಅಧಿಕಾರಿ. ಕಂಪನಿ ಎಲ್ಲೆಲ್ಲಿ ಮಾಲು ಕೊಳ್ಳುತ್ತದೋ ಅಲ್ಲಿಗೆ ಹೋಗಿ, ದುಡಿಯುವವರನ್ನು ಚೆನ್ನಾಗಿ ನಡೆಸಿಕೊಳ್ಳುತ್ತಾರೋ ಇಲ್ಲವೋ ಎಂದು ನೋಡಿ ಬರುವುದು ಅವನ ಕೆಲಸ. ಆ ದಿನ ಕುಪ್ಪಸದ ಖಣ ನೇಯುವ ಹೆಂಗಸರ ಸಂಘಕ್ಕೆ ಬಂದವನು, ಅಧ್ಯಕ್ಷೆ ಗುರುಬಸವ್ವನ ಮುಂದೆ ಕೂತು ನಲವತ್ತು ಪ್ರಶ್ನೆಗಳ ಹಾಳೆ ಬಿಡಿಸಿದ.

"ದಿನಕ್ಕೆ ಎಷ್ಟು ಗಂಟೆ ಕೆಲಸ?"

"ಏಳು ತಾಸ್ರಿ. ನಿಮ್ಮದು?"

ಮುಕುಂದ ನಕ್ಕ. "ನಮ್ಮದಕ್ಕೆ ಲೆಕ್ಕ ಎಲ್ಲಿದೆಯಮ್ಮ. ಬೆಳಿಗ್ಗೆ ಐದಕ್ಕೆ ಹೊರಟಿದ್ದೀನಿ, ಇನ್ನೂ ಎರಡು ಊರು ಬಾಕಿ."

"ಉಂಡೀರಿಲ್ಲೋ?"

"ಪುರುಸೊತ್ತಾಗಲಿಲ್ಲ."

ಗುರುಬಸವ್ವ ರೊಟ್ಟಿ, ಎಣ್ಣೆಗಾಯಿ ತರಿಸಿದಳು. ಅವನು ಉಣ್ಣುತ್ತಲೇ ಕೇಳುತ್ತ ಹೋದ.

"ವಾರಕ್ಕೊಂದು ರಜೆ ಇದೆಯಾ?"

"ಸೋಮವಾರ ಮಗ್ಗ ಮುಟ್ಟಂಗಿಲ್ರಿ. ನಿಮಗ?"

"ಭಾನುವಾರ ಇದೆ. ಆದ್ರೆ ವರದಿ ಬರೆಯೋದೇ ಅವತ್ತು. ಮೊನ್ನೆ ಮಗಳ ಹುಟ್ಟುಹಬ್ಬಕ್ಕೂ ಬಿಡಲಿಲ್ಲ."

ಒಂದೊಂದಾಗಿ ಮಗ್ಗಗಳು ನಿಂತವು. ಹೆಂಗಸರು ಮುಖ ಮುಖ ನೋಡಿಕೊಂಡರು. ಯಾರೋ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.

ಊಟ ಮುಗಿಯುವ ಹೊತ್ತಿಗೆ ಪ್ರಶ್ನೆಗಳೂ ಮುಗಿದವು. ಮುಕುಂದ ಕೈತೊಳೆದು ಬಂದು, ಎಲ್ಲಕ್ಕೂ ಗುರುತು ಹಾಕಿ, ಸಹಿಗೆಂದು ಹಾಳೆಯನ್ನು ಅವಳತ್ತ ತಿರುಗಿಸಿದ.

"ನೀವು ಪಾಸಾದ್ರಿ. ಮುಂದಿನ ತಿಂಗಳಿಂದ ಮಾಲು ಕಳಿಸಬಹುದು."

ಗುರುಬಸವ್ವ ಹಾಳೆಯನ್ನು ಮಡಚಿ ಮೆತ್ತಗೆ ಅವನ ಜೇಬಿಗಿಟ್ಟಳು.

"ನಿಮ್ಮ ಕಂಪನಿ ಫೇಲಾತ್ರಿ, ಸಾಹೇಬ್ರ. ದುಡಿಯೋ ಮಂದೀನ ಹಿಂಗ ನಡಸಿಕೊಳ್ಳೋರಿಗೆ ನಮ್ಮ ಸಂಘ ಮಾಲು ಕೊಡಂಗಿಲ್ಲ."