ಜೋಡಿ ಡ್ಯೂಟಿ

“ನನ್ನ ಮಾತಿಗೆ ಬೆಲೆ ಇಲ್ವೇನ್ರೀ ಹಾಗಾದ್ರೆ?” ಎಂದು ಕೇಳಿ ಎಂಜಿನಿಯರ್ ಉಮಾಶಂಕರ್ ಕುರ್ಚಿಗೆ ಒರಗಿದ. ಎದುರಿಗೆ ಲೈನ್‌ಮನ್‌ಗಳ ಯೂನಿಯನ್ ಕಾರ್ಯದರ್ಶಿ ಮುನಿವೆಂಕಟಪ್ಪ ಕುಳಿತಿದ್ದ. ದೇವನಹಳ್ಳಿ ಸೀಮೆಯ ಆ ವಿದ್ಯುತ್ ಕಚೇರಿಯಲ್ಲಿ ಬೆಳಗ್ಗೆಯಿಂದ ನಡೆದ ಮಾತುಕತೆ ಸುತ್ತಿ ಸುತ್ತಿ ಇಲ್ಲಿಗೆ ಬಂದು ನಿಂತಿತ್ತು. ಹೊರಗೆ, ಸುಟ್ಟ ಟ್ರಾನ್ಸ್‌ಫಾರ್ಮರ್‌ಗಳನ್ನು ಸಾಲಾಗಿ ಇಟ್ಟಿದ್ದ ಅಂಗಳದಲ್ಲಿ, ಲೈನ್‌ಮನ್‌ಗಳೆಲ್ಲ ನೆಲದ ಮೇಲೆ ಕುಳಿತು ಕಾಯುತ್ತಿದ್ದರು.

ಅವರು ಕೇಳುತ್ತಿದ್ದದ್ದು ಸಂಬಳವನ್ನಲ್ಲ. ರಾತ್ರಿ ಹೊತ್ತು ಕಂಬ ಹತ್ತಲು ಒಬ್ಬನನ್ನೇ ಕಳಿಸಬೇಡಿ, ಜೋಡಿ ಡ್ಯೂಟಿ ಹಾಕಿ ಎಂದಷ್ಟೇ. ಯುಗಾದಿಗೆ ಮುಂಚೆಯೂ ಇದನ್ನೇ ಕೇಳಿದ್ದರು. ಆಗ ಉಮಾಶಂಕರ್, ಆಯಿತು, ಮಾಡಿಸುತ್ತೇನೆ ಎಂದಿದ್ದ. ಮುನಿವೆಂಕಟಪ್ಪ ಅದನ್ನು ದೊಡ್ಡ ಗೆಲುವೆಂದು ಹೊರಗೆ ಬಂದು ಸಾರಿದ್ದ, ಕೊರಳಿಗೆ ಹಾರವನ್ನೂ ಹಾಕಿಸಿಕೊಂಡಿದ್ದ. ಮುಷ್ಕರದ ನೋಟಿಸು ವಾಪಸಾಯಿತು. ಅದಾದ ಮೇಲೆ ಒಂದು ಗಾಳಿಮಳೆಯ ರಾತ್ರಿ ಆವತಿ ಊರಿನ ಕಡೆಗೆ ಲೈನ್‌ಮನ್ ಚಿನ್ನಸ್ವಾಮಿಯನ್ನು ಒಬ್ಬನನ್ನೇ ಕಳಿಸಿದರು. ಕಂಬದಿಂದ ಜಾರಿ ಬಿದ್ದವನು ಕೂಗಿದ್ದು ಯಾರಿಗೂ ಕೇಳಲಿಲ್ಲ. ಬೆಳಗ್ಗೆ ಡೇರಿಗೆ ಹಾಲು ಹಾಕಲು ಹೊರಟವರು ನೋಡಿದರು. ಈಗ ಅವನಿಗೆ ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ.

ಮುನಿವೆಂಕಟಪ್ಪ ಆಸ್ಪತ್ರೆಗೆ ನೋಡಲು ಹೋದಾಗ ಚಿನ್ನಸ್ವಾಮಿಯ ಹೆಂಡತಿ ಶಿಲ್ಪ ಅಳಲಿಲ್ಲ, ಬೈಯಲೂ ಇಲ್ಲ. “ಜೋಡಿ ಡ್ಯೂಟಿ ಆಯ್ತು ಅಂತ ನೀವೇ ಹೇಳಿದ್ರಲ್ಲಣ್ಣ” ಎಂದಳು, ಅಷ್ಟೆ. ಅದಕ್ಕಿಂತ ಚಪ್ಪಲಿಯಲ್ಲಿ ಹೊಡೆದಿದ್ದರೆ ಮುನಿವೆಂಕಟಪ್ಪನಿಗೆ ವಾಸಿಯೆನಿಸುತ್ತಿತ್ತು. ಇನ್ನೊಮ್ಮೆ ಬರೀ ಮಾತನ್ನು ಹೊತ್ತುಕೊಂಡು ಲೈನ್‌ಮನ್‌ಗಳು ಕಾಯುತ್ತಿದ್ದ ಆ ಅಂಗಳಕ್ಕೆ ಇಳಿಯಲು ಅವನಿಂದ ಆಗುತ್ತಿರಲಿಲ್ಲ.

ಉಮಾಶಂಕರ್ ಕೆಟ್ಟವನೇನಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಸರ್ಕಾರಿ ವಿದ್ಯೆಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದವನು. ಈ ಸಲ ಖಂಡಿತ ಆಗುತ್ತದೆ, ಮತ್ತೆ ಕೊಟ್ಟಿರುವ ಮುಷ್ಕರದ ನೋಟಿಸು ವಾಪಸು ತಗೊಳ್ಳಿ ಎಂದ. ಹಾಗಿದ್ದರೆ ಬರೆದುಕೊಡಿ ಎಂದು ಮುನಿವೆಂಕಟಪ್ಪ ಕೇಳಿದ್ದೇ ತಡ, ಅವನ ಮುಖ ಸಣ್ಣದಾಯಿತು. ಇಷ್ಟು ವರ್ಷ ಜೊತೆಗೆ ದುಡಿದವನೇ ನನ್ನನ್ನು ನಂಬುವುದಿಲ್ಲವಲ್ಲ ಎಂಬ ನೋವು ನಾಟಕದ್ದಲ್ಲ, ನಿಜವಾದದ್ದೇ.

ಮುನಿವೆಂಕಟಪ್ಪ ನಿಧಾನವಾಗಿ ಬಾಯಿ ಬಿಟ್ಟ. “ಸಾರ್, ಲೈನ್ ಆಫ್ ಆಗೈತೆ, ಹತ್ತಿ ಅಂತ ನೀವೇ ಫೋನ್ ಮಾಡಿ ಹೇಳಿದ್ರೂವೆ, ತಂತಿಗೆ ಅರ್ತಿಂಗ್ ರಾಡ್ ಸಿಗಿಸಿ ನೆಲಕ್ಕೆ ಇಳಿಸ್ದೆ ನಾವು ಕೈ ಇಡಲ್ಲ. ಅಪ್ಪಿತಪ್ಪಿ ಯಾರಾದ್ರೂ ಸ್ವಿಚ್ ಹಾಕ್ಬಿಟ್ರೂ ಕರೆಂಟು ಭೂಮಿಗೆ ಹೋಗ್ಲಿ, ಜೀವ ಉಳೀಲಿ ಅಂತ. ಇದನ್ನ ನಮಗೆ ಕಲಿಸ್ದೋರು ಯಾರು?”

“ನಾನೇ” ಎಂದ ಉಮಾಶಂಕರ್. ಹೊಸದಾಗಿ ಸೇರಿದವರಿಗೆಲ್ಲ ಅವನು ಮೊದಲ ದಿನ ಹೇಳುತ್ತಿದ್ದದ್ದೇ ಅದು. ನನ್ನ ಮಾತನ್ನೂ ನಂಬಬೇಡಿ, ಮೊದಲು ರಾಡ್ ಹಾಕಿ.

“ನಾವು ರಾಡ್ ಹಾಕಿದ್ವಿ ಅಂತ ಯಾವತ್ತಾದ್ರೂ ನಿಮಗೆ ಬೇಜಾರಾಗೈತಾ ಸಾರ್? ನಾವು ಕೇಳೋ ಕಾಗದಾನೂ ಅಷ್ಟೇಯ.”

ಉಮಾಶಂಕರ್ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ಆಮೇಲೆ ಫೋನೆತ್ತಿ ಮೇಲಧಿಕಾರಿಯೊಡನೆ ಮಾತಾಡಿದ. ಜೋಡಿ ಡ್ಯೂಟಿಗೆ ತಾವು ಒಪ್ಪಿದ್ದೀರಲ್ಲ, ಒಂದು ಆದೇಶ ಕಳಿಸಿದರೆ ಇವರಿಗೆ ತೋರಿಸುತ್ತೇನೆ ಎಂದು ತಗ್ಗಿದ ದನಿಯಲ್ಲಿ ಕೇಳಿದ. ಆ ಕಡೆಯ ದನಿ ಮಾತ್ರ ತಗ್ಗಿರಲಿಲ್ಲ, ಮೇಜಿನ ಈಚೆಗೂ ಕೇಳಿಸುತ್ತಿತ್ತು. ಇರುವ ಜನಕ್ಕೆ ಜೋಡಿ ಎಲ್ಲಿಂದ ತರುವುದು, ಆದೇಶ ಗೀದೇಶ ಏನೂ ಬೇಡ, ಹೇಗೋ ಸಮಾಧಾನ ಮಾಡಿ ಕಳಿಸಿ ಎಂದು ಹೇಳಿ ಅವರು ಫೋನಿಟ್ಟರು.

ಉಮಾಶಂಕರ್ ಏನಾದರೊಂದು ಹೇಳಿ ತೇಲಿಸಬಹುದಿತ್ತು. ಅದು ಅವನಿಗೆ ಚೆನ್ನಾಗಿ ಬರುತ್ತಿತ್ತು. “ಹೋದ ಸಲಾನೂ ಹಿಂಗೇ ಆಗಿದ್ದು ಮುನಿವೆಂಕಟಪ್ಪ” ಎಂದ. “ಮೇಲಿಂದ ಬಂದ ಬಾಯಿಮಾತನ್ನ ಹಂಗೇ ನಿಮಗೆ ದಾಟಿಸ್ದೆ. ಬರ್ಕೊಡಿ ಅಂತ ಕೇಳೋ ಧೈರ್ಯ ನನಗಿರ್ಲಿಲ್ಲ.”

ಮುನಿವೆಂಕಟಪ್ಪನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎಷ್ಟೋ ಸಭೆಗಳಲ್ಲಿ ಈ ಮನುಷ್ಯನ ಎದುರು ಕುಳಿತಿದ್ದ. ಅವನ ಬಾಯಿಂದ ಮನಸ್ಸಿನ ಮಾತು ಕೇಳಿದ್ದು ಇದೇ ಮೊದಲು.

ಉಮಾಶಂಕರ್ ಒಂದು ಬಿಳಿ ಹಾಳೆ ಎಳೆದುಕೊಂಡು ಬರೆಯತೊಡಗಿದ. ಈ ಕಚೇರಿಯ ವ್ಯಾಪ್ತಿಯಲ್ಲಿ ಇಂದಿನಿಂದ ರಾತ್ರಿ ಹೊತ್ತು ಯಾರನ್ನೂ ಒಬ್ಬರನ್ನೇ ಕಂಬಕ್ಕೆ ಹತ್ತಿಸುವಂತಿಲ್ಲ. ಜನ ಸಾಲದಿದ್ದರೆ ಬೆಳಗಾಗುವ ತನಕ ಲೈನ್ ಬಂದ್ ಇರಲಿ. ಕೆಳಗೆ ತನ್ನ ಹೆಸರು ಬರೆದು ಸಹಿ ಹಾಕಿದ. ಕರೆಂಟಿಲ್ಲದ ರಾತ್ರಿ ಯಾವ್ಯಾವ ಮನೆಯಿಂದ, ಯಾವ್ಯಾವ ಮುಖಂಡರಿಂದ ಮೇಲಕ್ಕೆ ದೂರು ಹೋಗುತ್ತದೆಂದು ಅವನಿಗೆ ಗೊತ್ತಿತ್ತು.

ಮುನಿವೆಂಕಟಪ್ಪ ಹಾಳೆಯನ್ನು ಪೂರ್ತಿ ಓದಿದ. “ಮೇಲಿನೋರು ಸುಮ್ನೆ ಬಿಡ್ತಾರಾ ಸಾರ್?”

“ಬಿಡಲ್ಲ. ಸಸ್ಪೆಂಡ್ ಮಾಡ್ಬೋದು.”

ಮುನಿವೆಂಕಟಪ್ಪ ಕಿಟಕಿಯಾಚೆ ಕುಳಿತಿದ್ದವರನ್ನು ಒಮ್ಮೆ ನೋಡಿದ. ಹಾಳೆಯನ್ನು ಮತ್ತೆ ಮೇಜಿನ ಮೇಲಿಟ್ಟು, ಎಂಜಿನಿಯರನ ಕೈಯಿಂದ ಪೆನ್ನು ತೆಗೆದುಕೊಂಡ.

“ಕೆಳಗೆ ನಂದೂ ಒಂದು ಸಹಿ ಇರ್ಲಿ ಸಾರ್” ಎಂದ. “ಒಬ್ಬರನ್ನೇ ಹತ್ತಿಸ್ಬಾರ್ದು.”