ಮೇಲಧಿಕಾರಿಗೆ ತಿಳಿಯುವುದಿಲ್ಲ

ಸಮಾಧಾನ ಹೇಳಿಸಿಕೊಳ್ಳಲು ಫೋನ್ ಮಾಡಿದ್ದ ಕ್ರೇನ್ ಚಾಲಕನೇ ಕೊನೆಗೆ ಏಳನೇ ಕುರ್ಚಿಯವಳಿಗೆ ಸಮಾಧಾನ ಹೇಳಬೇಕಾಯಿತು. ಅವನು ಹೇಳಿದ್ದು ಇಷ್ಟೇ, ನಮ್ಮಮ್ಮನಿಗೆ ಹುಷಾರಿಲ್ಲ ಮೇಡಂ ಅಂತ. ಅಷ್ಟಕ್ಕೇ ಇವಳ ಕಣ್ಣೀರು ಕೀಬೋರ್ಡಿನ ಮೇಲೆ ತೊಟ್ಟಿಕ್ಕಿತು. ಆ ಪುಣ್ಯಾತ್ಮ ಗಾಬರಿಯಾಗಿ, ಸ್ವಲ್ಪ ನೀರು ಕುಡೀರಿ, ನಾನು ಇನ್ನೊಂದು ದಿನ ಮಾಡ್ತೀನಿ ಎಂದು ಫೋನಿಟ್ಟ. ಈ ವಾರದಲ್ಲಿ ಹೀಗಾದದ್ದು ಇದು ಎರಡನೇ ಸಲ. ಮೂರನೇ ಸಲಕ್ಕೆ ಮನೆಗೆ ಕಳಿಸುತ್ತಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆ ಹಾಲ್‌ನಲ್ಲಿ ಹನ್ನೆರಡು ಕುರ್ಚಿ, ಹನ್ನೆರಡು ಹೆಡ್‌ಫೋನು. ನಲವತ್ತು ಕಂಪನಿಗಳು ತಮ್ಮ ನೌಕರರ ಕಣ್ಣೊರೆಸುವ ಕೆಲಸವನ್ನು ಈ ಸಂಸ್ಥೆಗೆ ಗುತ್ತಿಗೆ ಕೊಟ್ಟಿದ್ದವು. ನೌಕರರ ನೆರವು ಯೋಜನೆ ಎಂದು ಅದರ ಹೆಸರು. ಮನೆಯ ಚಿಂತೆಯೋ ಕೆಲಸದ ಕಿರಿಕಿರಿಯೋ, ಏನಿದ್ದರೂ ಪುಕ್ಕಟೆಯಾಗಿ ಹೇಳಿಕೊಳ್ಳಬಹುದು. ಹೇಳಿದ್ದು ಮಾಲೀಕರ ಕಿವಿಗೆ ಬೀಳುವುದಿಲ್ಲ. ಸಲಹೆಗಾರರನ್ನು ಕುರ್ಚಿಯ ಸಂಖ್ಯೆಯಿಂದಲೇ ಕರೆಯುತ್ತಿದ್ದರು. ಹೆಸರು ಗೊತ್ತಾದರೆ ಗುಟ್ಟು ಉಳಿಯುವುದಿಲ್ಲವಂತೆ.

ಮೇಲ್ವಿಚಾರಕರಿಗೆ ಮಾತ್ರ ಒಂದು ಅಡ್ಡಹೆಸರಿತ್ತು, ಬೆಣ್ಣೆ ಸಾರ್. ಇಲ್ಲ ಎನ್ನುವುದನ್ನೂ ಅಷ್ಟು ನಯವಾಗಿ ಹೇಳುತ್ತಿದ್ದರು. ಅವಳು ಹೋಗಿ ಬೇಡಿಕೊಂಡಳು: ಅಮ್ಮ ಹೋಗಿ ತಿಂಗಳೂ ಆಗಿಲ್ಲ, ಎರಡು ವಾರ ಫೋನು ಬಿಡಿಸಿ ಕಡತಗಳ ಕೋಣೆಗೆ ಹಾಕಿ. ದುಃಖಕ್ಕೆಂದು ಅವಳಿಗೆ ಆಗಲೇ ಮೂರು ದಿನ ರಜೆ ಸಿಕ್ಕಿತ್ತು. ಅಷ್ಟರೊಳಗೆ ಅದು ಮುಗಿಯಬೇಕೆಂಬುದು ಸಂಸ್ಥೆಯ ಅಂದಾಜು. ಆದರೂ ಬೆಣ್ಣೆ ಸಾರ್ ಖಂಡಿತ ಕೊಡಬಹುದು ಎಂದರು. ಸ್ವಂತ ಕಾರಣಕ್ಕೆ ಕೆಲಸ ಬದಲಿಸುವುದಾದರೆ ನೆರವು ಯೋಜನೆಯ ಶಿಫಾರಸು ಬೇಕು, ಅಷ್ಟೆ. ನೀವೂ ನೌಕರರೇ ತಾನೆ, ಸಂಕೋಚ ಬೇಡ, ಫೋನ್ ಮಾಡಿ ಎಂದರು. ಯಾವ ನಂಬರಿಗೆ ಎಂದು ಅವಳು ಕೇಳಲಿಲ್ಲ. ದಿನಕ್ಕೆ ಮೂವತ್ತು ಸಲ ತಾನೇ ಎತ್ತುವ ನಂಬರು ಅದು.

ಕೆಲಸದ ಹೊತ್ತಿನಲ್ಲಿ ಸ್ವಂತ ಕಷ್ಟ ಹೇಳಿಕೊಳ್ಳುವಂತಿರಲಿಲ್ಲ. ಊಟದ ಬಿಡುವಿನಲ್ಲಿ ಡಬ್ಬಿಯನ್ನೂ ತೆರೆಯದೆ, ಲಾಕರಿನಿಂದ ಮೊಬೈಲ್ ತೆಗೆದುಕೊಂಡು, ಗಾಜಿನ ಬಾಗಿಲಿನ ಹೊರಗೆ ಮೆಟ್ಟಿಲ ಮೇಲೆ ಕೂತಳು. ‘ಕಷ್ಟದಲ್ಲಿ ನೀವು ಒಬ್ಬರೇ ಅಲ್ಲ,’ ಎಂದಿತು ರೆಕಾರ್ಡ್ ಮಾಡಿಟ್ಟ ಹೆಣ್ಣುದನಿ, ‘ನಿಮ್ಮ ಮುಂದೆ ಇನ್ನೂ ನಾಲ್ಕು ಜನ ಇದ್ದಾರೆ.’ ಆಮೇಲೆ ಹತ್ತು ನಿಮಿಷ ಕೊಳಲು ಕೇಳಿಸಿತು. ಒಳಗೆ ಅರ್ಧ ಕುರ್ಚಿಗಳು ಊಟಕ್ಕೆ ಎದ್ದಿದ್ದವು, ಉಳಿದವರೆಲ್ಲ ಮಾತಿನಲ್ಲಿದ್ದರು. ಕೊನೆಗೆ ಬೆಣ್ಣೆ ಸಾರೇ ಹೆಡ್‌ಫೋನ್ ಏರಿಸಿಕೊಳ್ಳುವುದು ಗಾಜಿನಲ್ಲಿ ಕಂಡಿತು. ಅವಳ ಕಿವಿಯಲ್ಲಿ ಕೊಳಲು ನಿಂತಿತು.

‘ನಮಸ್ಕಾರ. ಯಾವ ಸಂಸ್ಥೆಯಿಂದ ಮಾತಾಡ್ತಿದ್ದೀರಿ?’

ಅವಳು ಹೇಳಿದಳು. ಬೆಣ್ಣೆ ಸಾರ್ ಒಂದು ಸಲ ಬಾಗಿಲಿನ ಕಡೆ ನೋಡಿ, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಗುರುತಿನವರ ಕರೆ ಬಂದರೆ ಬೇರೆಯವರಿಗೆ ದಾಟಿಸಬೇಕೆಂಬ ನಿಯಮವೇನೋ ಇತ್ತು. ದಾಟಿಸಲು ಯಾರೂ ಇರಲಿಲ್ಲ.

‘ಧೈರ್ಯವಾಗಿ ಹೇಳಿ. ಇದು ನಮ್ಮಿಬ್ಬರಲ್ಲೇ ಇರುತ್ತೆ. ನಿಮ್ಮ ಮೇಲಧಿಕಾರಿಗೆ ಯಾವ ಕಾರಣಕ್ಕೂ ತಿಳಿಯಲ್ಲ.’

‘ತಿಳಿದ್ರೇ ಒಳ್ಳೇದಿತ್ತು ಸಾರ್,’ ಎಂದಳು ಅವಳು.

ಆಮೇಲೆ ಎಲ್ಲ ಹೇಳಿದಳು. ಅಮ್ಮ ಹೋಗುವ ಹೊತ್ತಿಗೆ ಅವಳು ಏಳನೇ ಕುರ್ಚಿಯಲ್ಲಿ ಕೂತು, ಯಾವುದೋ ಗೋದಾಮಿನ ನೌಕರ ತನ್ನ ಭಾವಮೈದುನನ ಮೇಲೆ ಕಾರುತ್ತಿದ್ದ ಸಿಟ್ಟನ್ನು ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಿದ್ದಳು. ಮೊಬೈಲ್ ಲಾಕರಿನಲ್ಲಿತ್ತು. ಅಣ್ಣ ಆರು ಸಲ ಮಾಡಿದ್ದ. ಕೊನೆಯ ಸಲ, ತಂಗಿ ಎತ್ತಿದರೆ ಒಂದು ಮಾತಾದರೂ ಕೇಳಿಸಲಿ ಎಂದು ಫೋನನ್ನು ಅಮ್ಮನ ಕಿವಿಗೇ ಹಿಡಿದಿದ್ದನಂತೆ. ಅಮ್ಮನಿಗೆ ಕೇಳಿಸಿದ್ದು ಬರೀ ರಿಂಗು. ಈಗ ಪ್ರತಿಯೊಂದು ಕರೆಗೂ ಅವಳ ಎದೆ ಹೊಡೆದುಕೊಳ್ಳುತ್ತಿತ್ತು.

ಬೆಣ್ಣೆ ಸಾರ್ ನಡುವೆ ಬಾಯಿ ಹಾಕಲಿಲ್ಲ, ಗಡಿಯಾರ ನೋಡಲಿಲ್ಲ. ಸುಳ್ಳು ಯಾಕೆ, ಅವರಷ್ಟು ಚೆನ್ನಾಗಿ ಕೇಳಿಸಿಕೊಳ್ಳುವವರು ಆ ಹಾಲ್‌ನಲ್ಲಿ ಇನ್ನೊಬ್ಬರಿರಲಿಲ್ಲ. ಅಮ್ಮ ನಿಮ್ಮನ್ನ ಏನಂತ ಕರೀತಿದ್ರು ಎಂದು ಮೆಲ್ಲಗೆ ಕೇಳಿದರು. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಇಷ್ಟು ದಿನ ಎದೆಯ ಮೇಲೆ ಕೂತಿದ್ದ ಭಾರ ಒಂದಿಷ್ಟು ಇಳಿದ ಹಾಗಾಯಿತು. ಒಳಗೆ ಅವರೂ ಕನ್ನಡಕ ತೆಗೆದು ಕರ್ಚೀಫಿಗೆ ಕೈ ಹಾಕಿದರು.

‘ಎರಡು ವಾರ ನೀವು ಫೋನ್ ಮುಟ್ಟಲೇಬಾರದು. ಈಗಲೇ ಶಿಫಾರಸು ಬರೀತೀನಿ.’

‘ನಮ್ಮ ಸಾರ್ ಒಪ್ಪಲ್ಲ.’

‘ಇಷ್ಟು ಕೇಳಿದ ಮೇಲೂ ಒಪ್ಪದಿದ್ರೆ ಅವರು ಮನುಷ್ಯರೇ ಅಲ್ಲ ಬಿಡಿ.’

ಎರಡು ಗಂಟೆಗೆ ಬೆಣ್ಣೆ ಸಾರ್ ಮೇಜಿನಿಂದ ಹೊರಟ ಶಿಫಾರಸು, ಕಚೇರಿಯೆಲ್ಲ ಸುತ್ತಿ, ಲಕೋಟೆಯೊಳಗೆ ಸೇರಿ, ಮೇಲೆ ಗೌಪ್ಯ ಎಂಬ ಮೊಹರು ಹಾಕಿಸಿಕೊಂಡು ನಾಲ್ಕು ಗಂಟೆಗೆ ಬೆಣ್ಣೆ ಸಾರ್ ಮೇಜಿಗೇ ಬಂತು. ಅವರು ಅವಳನ್ನು ಕರೆಸಿ ಕೂರಿಸಿದರು. ಅವಳೆದುರೇ ಲಕೋಟೆಯ ಅಂಚು ಕತ್ತರಿಸಿ, ಕನ್ನಡಕ ಹಾಕಿಕೊಂಡು, ಮೊದಲಿನಿಂದ ಕೊನೆಯವರೆಗೆ ಓದಿದರು. ಒಂದು ಕಡೆ ಲೊಚಗುಟ್ಟಿದರು ಕೂಡ. ಅವಳು ಅವರ ಮುಖವನ್ನೇ ನೋಡುತ್ತಿದ್ದಳು. ನಾಚಿಕೆಯ ಒಂದು ಎಳೆಯೂ ಇರಲಿಲ್ಲ. ನಾಟಕವೂ ಇರಲಿಲ್ಲ, ಅದೇ ಅವಳ ಹೊಟ್ಟೆ ಉರಿಸಿದ್ದು. ಓದಿ ಮುಗಿಸಿ, ಕೆಳಗೆ ‘ಸಿಬ್ಬಂದಿ ಕೊರತೆ, ಸಾಧ್ಯವಿಲ್ಲ’ ಎಂದು ಬರೆದು ಸಹಿ ಹಾಕಿ, ಹಾಳೆಯನ್ನು ಅವಳ ಕಡೆ ಸರಿಸಿದರು.

‘ಬೇಜಾರು ಮಾಡ್ಕೋಬೇಡಿ ಅಮ್ಮ,’ ಎಂದರು, ಮಧ್ಯಾಹ್ನದ ಅದೇ ದನಿಯಲ್ಲಿ. ‘ಶಿಫಾರಸು ಮಾಡೋರಿಗೇನು, ಕೂತಲ್ಲೇ ಬರೆದುಬಿಡ್ತಾರೆ. ಒಂದು ಕುರ್ಚಿ ಖಾಲಿ ಬಿದ್ರೆ ಇಲ್ಲಿ ನಾವು ಪಡೋ ಪಾಡು ಅವರಿಗೇನು ಗೊತ್ತು?’